ಎಡಕ್ಕೆಳೆಯುವ ಗಾಡಿ

ಹಾಲೇಶಪ್ಪನವರ ದೂರು ಒಂದೇ:
"ನೋಡಮ್ಮ, ಗಾಡಿ ಎಡಕ್ಕೆಳೀತೈತೆ."
ಗಾಡಿಯೆಂದರೆ ಕಂಪ್ಯೂಟರಿನೊಳಗಿನ ಬಸ್ಸು,
ಗೋಪಾಳದ ಮನೆಯ ಊಟದ ಮೇಜಿಗೆ
ಕ್ಲಾಂಪು ಬಿಗಿದ ಸೆಕೆಂಡ್‌ಹ್ಯಾಂಡ್ ಸ್ಟೇರಿಂಗು.

ಡ್ರೈವರ್ ತೆಗೆದು ಮತ್ತೆ ಹಾಕಿದೆ.
"ನನ್ನ ತೆಗೆದು ಆರು ವರ್ಷ,
ಯಾರೂ ಮತ್ತೆ ಹಾಕಲಿಲ್ಲ" ಅಂತ ನಕ್ಕರು.
ಯುಎಸ್‌ಬಿ ತೂತು ಬದಲಿಸಿದೆ.
ಕ್ಯಾಲಿಬ್ರೇಶನ್ನು, ಮೂರು ಸಲ.
ತಿರುಪು ಬಿಚ್ಚಿ, ಸೆನ್ಸರಿನ ಮೇಲಿದ್ದ
ಚಕ್ಕುಲಿ ಪುಡಿಯನ್ನು ಹಳೇ ಬ್ರಷ್ಷಿನಲ್ಲಿ ಗುಡಿಸಿದೆ.
ಕೈಬಿಟ್ಟರೆ ಗೆರೆ ಸೊನ್ನೆಯಲ್ಲೇ ನಿಲ್ಲುತ್ತದೆ.
ನಾನು ಹಿಡಿದರೂ ನೆಟ್ಟಗೆ.
ಅವರು ಹಿಡಿದರೆ ಮಾತ್ರ ಬಸ್ಸು ಚರಂಡಿಗೆ.

"ಕೊನೆಗೆ ಓಡಿಸಿದ್ದು ಯಾವ ರೂಟು?"
"ಹುಲಿಕಲ್ ಘಾಟಿ. ಹನ್ನೊಂದು ವರ್ಷ ಒಂದೇ ಗಾಡಿ.
ಬಲಕ್ಕೆಳೀತಿತ್ತು ಮುಂಡೇದು.
ಡಿಪೋ ಬುಕ್ಕಿನಾಗೆ ಬರ್ದು ಬರ್ದು ಸಾಕಾಗಿ ನಾನೇ..."
ಮಾತು ನಿಂತಿತು.
ಅಂಗೈ ಮಗುಚಿ ನೋಡಿಕೊಂಡರು,
ಬೇರೆ ಯಾರದ್ದೋ ಎಂಬಂತೆ.

ನಾನು ಸೆಟ್ಟಿಂಗಿಗೆ ಹೋಗಿ
ನಡುಬಿಂದುವನ್ನು ಮೂರು ಡಿಗ್ರಿ ಬಲಕ್ಕೆ ಸರಿಸಿದೆ.
ಚೆನ್ನಾಗಿದ್ದ ಗಾಡಿಯನ್ನು
ಬೇಕಂತಲೇ ಕೆಡಿಸಿದೆ.

ಮೊದಲ ತಿರುವಿಗೇ ಹಾರನ್ನು ಹೊಡೆದರು,
ಒಳಗೆ ಅಕ್ಕಿ ಆರಿಸುತ್ತಿದ್ದವರು ಬೆಚ್ಚಿಬೀಳುವಂತೆ.
"ಹಾಂ! ಇದು ನಮ್ ಗಾಡಿ."

ಬಿಲ್ಲಿನಲ್ಲಿ 'ದೋಷ' ಅನ್ನುವ ಕಡೆ
ಪೆನ್ನು ಊರಿ ಕೂತೆ ಸ್ವಲ್ಪ ಹೊತ್ತು.
ಆಮೇಲೆ ಬರೆದೆ: ಚಕ್ಕುಲಿ.