ಹವೆ ಕೆಟ್ಟ ದಿನದ ಲೆಕ್ಕ

ಹೋರಾಕ್ಸ್‌ನ ಫೋನು ಬೆಳಗಿನ ನಾಲ್ಕೂ ಮುಕ್ಕಾಲಿಗೆ.
ಹಲೋ ಇಲ್ಲ, ಹೇಗಿದ್ದೀ ಇಲ್ಲ.
"ಕೆಟ್ಟಿದೆ."
ಅಷ್ಟೇ. ನಾನು ಬೂಟು ಹುಡುಕುತ್ತೇನೆ.

ಜುಲೈ ತಿಂಗಳು. ಕೆಳಗೆ ರಾಚ್‌ಡೇಲಿನ ಹಿತ್ತಿಲುಗಳಲ್ಲಿ
ರಾತ್ರಿ ಒಣಹಾಕಿ ಮರೆತ ಬಟ್ಟೆ ನೆನೆಯುತ್ತಿದೆ.
ನಾವು ಮೇಲಕ್ಕೆ, ಪೆನೈನ್ ಬೆಟ್ಟದ ಬೆನ್ನಿಗೆ,
ಗಾಡಿಯ ವೈಪರು ಬೇಡ ಬೇಡವೆಂದು
ತಲೆಯಾಡಿಸುತ್ತಿದ್ದರೂ.

ಕೋಲ್ಡ್‌ಶಾ ಜಲಾಶಯ. ಕೆರೆ ಅನ್ನಲು ಸಂಕೋಚ.
ಗಿರಣಿಗಳ ಕಾಲದಲ್ಲಿ ಊರಿನ ನಲ್ಲಿಗೆಂದು ಕಟ್ಟಿದ್ದು:
ಸುತ್ತ ಕಲ್ಲು, ಮರವಿಲ್ಲ,
ಹುಲ್ಲಿಗೂ ಅರೆಮನಸ್ಸು,
ಜೌಗುಮಣ್ಣು ತೊಳೆದು ನೀರಿಗೆ ಚಹಾದ ಬಣ್ಣ.
ಹಕ್ಕಿಗೆ ಇಲ್ಲಿ ತಿನ್ನಲು ಏನೂ ಇಲ್ಲ.
ಬಿಸಿಲಿದ್ದ ದಿನ ಬಂದರೆ
ಬಾಲ ಕುಣಿಸುವ ಒಂದು ಸಿಪಿಲೆ,
ನಾಯಿ ಅಡ್ಡಾಡಿಸುವ ಮೂರು ಮಂದಿ.

ಮಳೆ ಇಲ್ಲಿ ಬೀಳುವುದಿಲ್ಲ, ಅಡ್ಡಡ್ಡ ಬರುತ್ತದೆ,
ಸಾಲ ಕೇಳಲು ಬಂದವನಂತೆ ಕಾಲರಿಗೇ ಕೈಹಾಕಿ.
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕಂತೆ;
ನಮಗೆ ನೀರೇ ಸಾಕು.
ಅಣೆಕಟ್ಟಿನ ಗೋಡೆಗೆ ಬೆನ್ನು ಕೊಟ್ಟು
ದುರ್ಬೀನಿನ ಗಾಜು ಒರೆಸುತ್ತೇನೆ,
ಒದ್ದೆಯನ್ನು ಒದ್ದೆಯಿಂದ.
ಕಣ್ಣಿಟ್ಟರೆ ಬೂದಿ. ಬೂದಿಯೊಳಗೆ ಬೂದಿ.
ಅಲೆ ಎದ್ದಲ್ಲೆಲ್ಲ ಒಂದು ಬಾತು,
ಅಲೆ ಇಳಿದಲ್ಲೆಲ್ಲ, ಇಲ್ಲ, ಬಾತಲ್ಲ.

ಹೋರಾಕ್ಸ್ ಮೂವತ್ತೆಂಟು ವರ್ಷ ಇದೇ ನೀರಿನ
ತೂಬು ತಿರುಗಿಸಿದವನು. ಪೆನ್ಸಿಲಿನಲ್ಲೇ ಬರೆಯುತ್ತಾನೆ,
ಶಾಯಿ ಮಳೆಯ ಪಕ್ಷ ಅನ್ನುತ್ತಾನೆ.
ಪುಟ ತಿರುವಿದರೆ ಸೊನ್ನೆ, ಸೊನ್ನೆ, ಸೊನ್ನೆ,
ಒಂದೊಂದೂ ದುಂಡಗೆ, ಕಾಳಜಿಯಿಂದ.
"ಒಳ್ಳೆ ಹವೆಯಲ್ಲಿ ಅವು ನಮ್ಮ ತಲೆ ಮೇಲೇ ಹೋಗ್ತವೆ,
ರಾತ್ರಿಯಲ್ಲಿ, ಈ ಕಡಲಿಂದ ಆ ಕಡಲಿಗೆ.
ನಾವು ಗೊರಕೆ ಹೊಡೀತಿರ್ತೀವಿ.
ಹವೆ ಏನನ್ನೂ ತರೋದಿಲ್ಲ ಕಣೇ ಥೆಲ್ಮಾ,
ಹೋಗೋದನ್ನ ತಡೀತದೆ."

ನಾನು ಬಸ್ ಓಡಿಸುವವಳು. ಇಷ್ಟು ನನಗೂ ಗೊತ್ತು:
ಕೆಟ್ಟು ನಿಂತ ಬಸ್ಸಿನಲ್ಲಿ ಮಾತ್ರ
ಜನ ಪಕ್ಕದವರ ಮುಖ ನೋಡುತ್ತಾರೆ.

ಅಷ್ಟರಲ್ಲಿ ಜುನೈದ್ ಬಂದ, ಸೈಕಲ್ ತಳ್ಳಿಕೊಂಡು,
ಹದಿನಾರು ವರ್ಷ, ಮೈಮೇಲೆ ಅಣ್ಣನ ರೇನ್‌ಕೋಟು,
ಕೈ ಮುಚ್ಚಿ ತೋಳು ಇನ್ನೂ ಒಂದು ಗೇಣು ಮಿಕ್ಕಿದೆ.
ಕೂರಲಿಲ್ಲ. ಬರಿಗಣ್ಣಿನಲ್ಲೇ ನೋಡಿ ಅಂದ:
"ಆ ತೂಬಿನ ಗೋಪುರದ ಎಡಕ್ಕೆ. ಅಲೆ ಅಲ್ಲ ಅದು."

ಅಲೆ ಅಲ್ಲ.
ಮಂಜು ಒಂದು ಮಾರು ಎದ್ದಿತು, ಸೀರೆಯ ನೆರಿಗೆ ಎತ್ತಿದಷ್ಟು;
ಅದರಡಿ ಕಪ್ಪು, ಕಪ್ಪು, ಕಪ್ಪು,
ಕಡಲ ಬಾತುಗಳು, ಒಂದೇ ಸಾಲಿನಲ್ಲಿ,
ಉಪ್ಪು ನೀರಿನವು ಈ ಸಪ್ಪೆ ನೀರಲ್ಲಿ,
ಕೊಕ್ಕಿನ ಮೇಲೆ ಅರಿಸಿನದ ಒಂದು ಗೀರು.
ಏಳುತ್ತ ಬೀಳುತ್ತ ಸುಮ್ಮನಿದ್ದವು,
ಯಾರದೋ ಮನೆಯ ಜಗಲಿಯಲ್ಲಿ
ಮಳೆ ನಿಲ್ಲಲೆಂದು ನಿಂತವರ ಹಾಗೆ.

ಎಣಿಸಿದೆವು. ನನಗೆ ಇಪ್ಪತ್ತನಾಲ್ಕು.
ಹೋರಾಕ್ಸ್‌ಗೆ ಇಪ್ಪತ್ತೆರಡು, ಅವನ ಎಡಗಣ್ಣಿಗೆ ಪೊರೆ,
ಅದನ್ನು ನಾವು ಮಾತಾಡುವುದಿಲ್ಲ.
ಹುಡುಗನಿಗೆ ಇಪ್ಪತ್ತಮೂರು.
ಮುದುಕ ಬಹಳ ಹೊತ್ತು ಪೆನ್ಸಿಲು ನೆಕ್ಕಿದ.
ಆಮೇಲೆ ಬರೆದ: ಇಪ್ಪತ್ತಮೂರು.
ಪಕ್ಕದಲ್ಲಿ: ಎಣಿಸಿದ್ದು ಜುನೈದ್.
ಬಾಯಲ್ಲಿ ಏನೂ ಹೇಳಲಿಲ್ಲ. ಜೇಬಿನಿಂದ
ಈರುಳ್ಳಿ-ಚೀಸಿನ ಕಡುಬು ತೆಗೆದು ಮುರಿದು
ದೊಡ್ಡ ಚೂರು ಅವನಿಗೆ ಕೊಟ್ಟ.

ಏಳೂ ನಲವತ್ತಕ್ಕೆ ಪಶ್ಚಿಮದಲ್ಲಿ ಮೋಡ ಹರಿಯಿತು.
ನೀರಿನ ಮೇಲೆ ಬೆಳಕು ಬಂತು, ಚೆಂದವಾಗಿ.
"ಹಾಳಾಯ್ತು," ಅಂದ ಹೋರಾಕ್ಸ್.
ಅವು ಆಗಲೇ ಎದ್ದಿದ್ದವು, ನೀರನ್ನು ಒದ್ದು,
ಗುಡ್ಡದ ಭುಜ ದಾಟಿ,
ದಾರಿ ಕೇಳದೆ.

ಒಂಬತ್ತೂ ಹತ್ತರ ಬಸ್ಸು.
ಹೀಟರಿನ ಮೇಲೆ ನನ್ನ ಕೈಗವಸು ಹಬೆಯಾಡುತ್ತಿದೆ.
ಮೊದಲು ಹತ್ತಿದ ಹೆಂಗಸು ಕೊಡೆ ಮಡಚಿ ನಕ್ಕಳು:
"ಸದ್ಯ, ಹವೆ ಸರಿಹೋಯ್ತು."
"ಹೌದು," ಅಂದು ಟಿಕೆಟ್ ಕೊಟ್ಟೆ.
ಕಾಲುಚೀಲದಲ್ಲಿ ಇನ್ನೂ
ಅರ್ಧ ಲೋಟ ಕೋಲ್ಡ್‌ಶಾ.