ಜಂತ್ರಡಿ

ಕಪ್ಪು ಹಲಗೆಯ ಮೇಲೆ ಮರಳುಗಡಿಯಾರದ ಹಾಗೊಂದು ಚಿತ್ರ ಬರೆದಿದ್ದೆ:
ಎರಡೂ ಬಾಯಿ ಅಗಲ, ನಡು ಸಪೂರ.
ಜೀವಕೋಶದ ಗೋಡೆ ಎಣ್ಣೆಯದು,
ನೀರಿಗೆ ಅದರೊಳಗೆ ನುಸುಳುವುದು ತಡ;
ಅದಕ್ಕೇ ಈ ಪ್ರೋಟೀನು ಗೋಡೆ ತೂರಿ ಕೂತಿದೆ ಎಂದೆ.
ಒಂದರ ಹಿಂದೆ ಒಂದು, ಸಾಲಾಗಿ,
ಸೆಕೆಂಡಿಗೆ ನೂರು ಕೋಟಿಗೂ ಮೀರಿ ನೀರಿನ ಕಣ.
ಹಿಂದಿನ ಬೆಂಚಿನಿಂದ ಶೇವಂತಿ ಹರಿಕಾಂತ:
"ಅಷ್ಟೊಂದು ಎಳೆಯೂಕೆ ಕರೆಂಟು ಎಲ್ಲಿಂದ ಸರ್?"
ಕರೆಂಟು ಬೇಡ ಎಂದೆ. ನಂಬಲಿಲ್ಲ.
ಗಂಟೆ ಹೊಡೆಯಿತು.

ಈಗ ಅಮಾವಾಸ್ಯೆ, ರಾತ್ರಿ ಎರಡೂವರೆ.
ಮಾಣಿಕಟ್ಟಾದ ಗಜನಿ ಏರಿಯ ಮೇಲೆ
ಜಟ್ಟು ಪಟಗಾರನ ಪಕ್ಕ ಕೂತಿದ್ದೇನೆ, ಮೊಣಕಾಲವರೆಗೆ ಕೆಸರು.
ಅಘನಾಶಿನಿ ಉಬ್ಬಿ ಬಂದು ಜಂತ್ರಡಿಗೆ ಒರಗಿತು,
ಹಲಗೆ ಠಪ್ಪೆಂದು ಮುಚ್ಚಿತು. ಯಾರೂ ಮುಟ್ಟಲಿಲ್ಲ.
"ಹಲಗೆಗೆಂತ ಬುದ್ಧಿ ಉಂಟು ಮಾಸ್ತರ್ರೇ,
ನೀರೇ ಮುಚ್ಚೂದು, ನೀರೇ ತೆಗೆಯೂದು.
ಏಡಿ ತೂತು ಮಾಡದ ಹಾಗೆ ನಾ ಕಾಯೂದು, ಅಷ್ಟೇ."
ಶೇವಂತಿಗೆ ಇದನ್ನೇ ಹೇಳಬೇಕಿತ್ತು:
ಉಪ್ಪು ಯಾವ ಕಡೆ ಹೆಚ್ಚೋ ನೀರು ಆ ಕಡೆ ನಡೆಯುತ್ತದೆ,
ಬಾಗಿಲು ಬರೀ ಬಾಗಿಲು.

ಆದರೂ ಈ ಹಲಗೆ ಒರಟು.
ಸಂದಿಯಲ್ಲಿ ಉಪ್ಪು ಬರುತ್ತದೆ, ಸಿಗಡಿ ಮರಿ ಬರುತ್ತದೆ,
ಒಮ್ಮೆ ಯಾರದೋ ಚಪ್ಪಲಿಯೂ ಬಂದಿತ್ತಂತೆ.
ಅಲ್ಲಿ ಹಾಗಲ್ಲ.
ಅಲ್ಲಿ ಸೋಡಿಯಂ ಬಂದ ದಾರಿಯಲ್ಲೇ ಹಿಂದಿರುಗಬೇಕು,
ಎಲ್ಲಕ್ಕಿಂತ ಚಿಕ್ಕ ಪ್ರೋಟಾನು ಕೂಡ.
ಅದು ಹೇಗೆಂದು ಹೊಳೆದದ್ದು ತದಡಿ ದಕ್ಕೆಯಲ್ಲಿ:
ಬೋಟಿನಿಂದ ಲಾರಿಯವರೆಗೆ ಆಳುಗಳ ಸಾಲು,
ಬಂಗಡೆ ಬುಟ್ಟಿ ಕೈಯಿಂದ ಕೈಗೆ.
ಪ್ರೋಟಾನು ಆ ಬುಟ್ಟಿ. ನೀರು ಆ ಆಳುಗಳು.
ಸಾಲು ಸುರಂಗದ ನಡುವಿಗೆ ಬಂದಾಗ
ಗೋಡೆಯಿಂದ ಎರಡು ಕೈ ಚಾಚಿ
ಒಬ್ಬೊಬ್ಬನನ್ನೂ ಗರ್ರನೆ ತಿರುಗಿಸುತ್ತವೆ;
ಆ ಗಳಿಗೆ ಅವನ ಕೈ ಹಿಂದಿನವನಿಗೆ ಸಿಗುವುದಿಲ್ಲ.
ಆಳು ದಾಟುತ್ತಾನೆ.
ಬುಟ್ಟಿ ಉಳಿಯುತ್ತದೆ.

ಏರಿಯಾಚೆ ಕಗ್ಗ ಭತ್ತ ಸೊಂಟದವರೆಗೆ ಚೌಳು ನೀರಲ್ಲಿ.
ಉಪ್ಪು ಏರಿದ ರಾತ್ರಿ ಬೇರು ತನ್ನ ಬಾಗಿಲುಗಳನ್ನು
ಆದಷ್ಟು ಮುಚ್ಚಿಕೊಳ್ಳುತ್ತದೆ,
ಇಲ್ಲವಾದರೆ ಹೊಳೆಯೇ ಭತ್ತವನ್ನು ಕುಡಿದೀತು.

ಜಟ್ಟು ಸಂಜೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ.
ತಲೆಯಿಂದ ಮೂತ್ರಪಿಂಡಕ್ಕೆ ಸುದ್ದಿ ಹೋಗಿರಬೇಕು:
ಉಗ್ರಾಣದಲ್ಲಿಟ್ಟ ಬಾಗಿಲುಗಳನ್ನು ಗೋಡೆಗೆ ಏರಿಸಿ,
ಹನಿಹನಿಯನ್ನೂ ಮರಳಿ ಒಳಗೆ ಬಿಡಿ.

ಬೆಳಗಾಯಿತು. ಹೊಳೆ ಇಳಿಯಿತು, ಹಲಗೆ ತಾನಾಗಿ ಸಡಿಲಾಯಿತು.
ಬೀರಮ್ಮ ತಂದ ಗಂಜಿತೆಳಿಯನ್ನು
ಎರಡು ಚೊಂಬು ಎತ್ತಿ ಕುಡಿದ, ಗಡ್ಡಕ್ಕೆಲ್ಲ ಸೋರಿಸಿಕೊಂಡು.
ನಾನು ಗಡಿಯಾರ ನೋಡಿಕೊಂಡೆ.
ಮುಕ್ಕಾಲು ತಾಸಿಗೆ "ಇಗಾ ಬಂದೆ" ಎಂದು ಎದ್ದು
ಕಾಂಡ್ಲ ಗಿಡದ ಮರೆಗೆ ಹೋದ.