ಮದಾ ಮದಾ

ಹುಮನಾಬಾದ್ ಬೇಸ್‌ನಾಗ ಔಷಧಿ ಅಂಗಡಿ ಮ್ಯಾಲಿನ ಖೋಲಿ.
ಹನ್ನೊಂದು ಮಂದಿ ನರ್ಸಮ್ಮರು, ಒಂದು ಫ್ಯಾನು.
ಜಮಾದಾರ ಸರ್ ನಾಗೋಯಾದಾಗ ಆರು ವರ್ಷ
ಕಾರಿನ ಬಾಗಿಲು ಜೋಡಿಸಿ ಬಂದವರು.
ಖೋಲಿಯ ಬಾಗಿಲು ಈಗಲೂ ಮೆಲ್ಲಕ ಮುಚ್ಚತಾರ.

"ಇವತ್ತ ಹೊಗಳೋದು" ಅಂದರು,
ಇಂಜೆಕ್ಷನ್ ಪಾಠ ಹೇಳಿದಂಗ:
ಯಾರಿಗೆ, ಎಷ್ಟು, ಎಲ್ಲಿ ಚುಚ್ಚಬೇಕು.

ಗೆಳತಿಗೆ ಸುಗೋಯಿ ಅನ್ನು, ನಡೀತದ.
ಮೈಬಣ್ಣದ ಮಾತು ಬ್ಯಾಡ, ದಪ್ಪ ತೆಳ್ಳಗ ಬ್ಯಾಡ.
ಕೊರಳಿನ ಶಾಲು ಹೊಗಳು: ಸುತೆಕಿ ದೆಸು ನೇ.
ಆ 'ನೇ' ಬಿಡಬ್ಯಾಡ್ರಿ,
ಅದು ನಮ್ಮ 'ಹೌದಿಲ್ಲೋ' ಇದ್ದಂಗ.
ಹೊಗಳಿಕೆಯ ಒಂದು ಸೆರಗು ಅವರ ಕೈಯಾಗೂ ಇರಲಿ.

ಜೋಜು ಅಂದರ ಕೈ ಪಳಗ್ಯಾದ ಅಂತ.
ಆದರ ಹಿರಿಯರಿಗೆ ಜೋಜು ಅನಬಾರದು.
"ಯಾಕ ಸರ್?" ಆಳಂದದ ರುಖಿಯಾ ಕೇಳಿದಳು.
ಸರ್ ತೊಟ್ಟಿಲು ತೂಗಿದಂಗ ಕೈ ಮಾಡಿದರು:
"ಜೋ ಜೋ ಅಂದಂಗ ಆಗತದ."

ಎಲ್ಲಾರೂ ನಕ್ಕರು.
ನಾ ನಗಲಿಲ್ಲ.

ಹ್ವಾದ ಶ್ರಾವಣ, ರಾತ್ರಿ ಡ್ಯೂಟಿ, ಕರೆಂಟ್ ಹೋಗಿತ್ತು.
ಒಣ ಹುಣಸಿಕಾಯಿಯಂಥ ಅಜ್ಜಿಯ ತೋಳಿಗೆ
ಮೂರು ಸಲ ಚುಚ್ಚಿ ಸೋತು ನಿಂತಿದ್ದೆ.
ದ್ರೌಪದಿ ಸಿಸ್ಟರ್ ಬಂದರು, ಕಣ್ಣು ಮುಚ್ಚಿದರು,
ತೊಗರಿಯಾಗ ಹಳ್ಳು ಹುಡುಕಿದಂಗ
ಬೆರಳ ತುದಿಲೆ ಚರ್ಮ ಸವರಿ
ಒಂದೇ ಸಲಕ್ಕ ನರ ಹಿಡಿದರು.

"ಭಾರಿ ಹಾಕ್ತೀರಿ ಸಿಸ್ಟರ್ ನೀವು!"
ಟಾರ್ಚಿನ ಬೆಳಕಿನಾಗ ಕನ್ನಡಕ ನನ್ನ ಕಡೆ ತಿರುಗಿತು:
"ಮೂವತ್ತೊಂದು ವರ್ಷ ಆತು.
ಇವತ್ತ ನೀ ನನ್ನ ಪಾಸ್ ಮಾಡ್ದಿ ಏನು?"

ಆವತ್ತಿನಿಂದ ಆ ಮಾತು
ಒಳಗ ಮುರಿದುಳಿದ ಸೂಜಿ.

ಹಂಗಾದರ ಹಿರಿಯರಿಗೆ ಏನನಬೇಕು ಸರ್?
ಬೋರ್ಡಿನ ಮ್ಯಾಲ ಬರೆದರು:
ಬೆಂಕ್ಯೋ ನಿ ನಾರಿಮಾಶಿತಾ.
ನಿಮ್ಮನ್ನ ನೋಡಿ ಕಲಿತಂಗಾತು.
ಅವರನ್ನ ಅಳೀಬ್ಯಾಡ, ನಿನ್ನ ಅಳತಿ ಹೇಳು.

ಬೆಂಕ್ಯೋ ಅಂದರ ಕಲಿಕೆ.
ನನ್ನ ಕಿವಿಗೆ ಬೆಂಕಿ ಅಂತನೇ ಬಿತ್ತು.
ನಮ್ಮಾಯಿಯ ಒಲಿ ಛಲೋ ಅದ ಅಂತ
ಓಣ್ಯಾಗ ಯಾರೂ ಹೇಳಿದ್ದು ನಾ ಕೇಳಿಲ್ಲ.
ಮುಂಜಾನೆದ್ದು ಕುಳ್ಳು ಹಿಡಕೊಂಡು ಬರತಿದ್ದರು,
ಒಂದು ಕೆಂಡ ಕೊಡು ಅಂತ.

ಮತ್ತ ಯಾರರ ನಮ್ಮನ್ನ ಹೊಗಳಿದರ?
ಮದಾ ಮದಾ ದೆಸು.
ಇನ್ನೂ ಆಗಿಲ್ಲ, ದಾರಿ ಇನ್ನೂ ಭಾಳ ಅದ.
ಹೊಗಳಿದರ ಮದ ಏರತದ ಅನ್ನೋದು ನಮ್ಮ ಮಾತು.
ಅವರು ಅದನ್ನ ಎರಡು ಸಲ ಬಾಯಿಲೆ ಅಂದು
ಉಗುಳಿಬಿಡತಾರ.
ಹಂಗಂತ ನಾ ತಿಳಕೊಂಡೆ. ಸರ್‌ಗೆ ಹೇಳಲಿಲ್ಲ,
ಮಾರ್ಕ್ಸ್ ಕಡಿತಾರ.

ಸಿಸ್ಟರ್ ಜೋಡಿ ಕಡೀ ರಾತ್ರಿ.
ಚಹಾ ಆರತಿತ್ತು.
ಜಪಾನಿ ಮಾತು ನಾಲಿಗಿ ತನಕ ಬಂತು, ನುಂಗಿದೆ.
"ಸಿಸ್ಟರ್, ಆವತ್ತ ಕತ್ತಲಾಗ ನೀವು ಕಣ್ಣು ಮುಚ್ಚಿದ್ರಿ.
ನಾನೂ ಈಗ ಮುಚ್ಚತೀನಿ."

ಏನೂ ಅನಲಿಲ್ಲ.
ಬಶಿಯಾಗಿನ ಚಹಾ ಸುರ್ ಅಂತ ಕುಡಿದರು.
ಹದಿನಾಲ್ಕನೇ ಬೆಡ್ಡಿಗೆ ಹ್ವಾದರು,
ಟ್ರೇ ನನ್ನ ಕಡೆ ಸರಿಸಿ
ಕಿಟಕಿಗೆ ಮುಖ ಮಾಡಿ ನಿಂತರು.

ವಾಡಿಯ ಮುದುಕ. ಕಲ್ಲಿನ ಖಣಿಯಾಗ ದುಡಿದ ಕೈ,
ಧೂಳು ಇನ್ನೂ ಉಗುರಿನಾಗ.
ಕಣ್ಣು ಮುಚ್ಚಿದೆ. ಸಿಕ್ಕಿತು.

"ಇರಿವಿ ಕಡಿದಂಗೂ ಆಗಲಿಲ್ಲ, ಏನ್ ಕೈಯವ್ವಾ ನಿಂದು!"
"ಮದಾ ಮದಾ," ಅಂದುಬಿಟ್ಟೆ, ರೂಢಿ.
ಮುದುಕ ಗಾಬರಿಯಾಗಿ ನನ್ನ ಮಾರಿ ನೋಡಿದ:
"ನಿನಗ ಎಲ್ಲಿ ಮದ ಅದವ್ವಾ?"

ಕಿಟಕಿ ಕಡೆ ಯಾರೋ ನಕ್ಕಂಗಾತು.
ಟೇಪ್ ಹಚ್ಚೋದಿತ್ತು.
ನಾ ತಿರುಗಿ ನೋಡಲಿಲ್ಲ.